ಆ್ಯಪ್ ಮಾಡಿಸಬೇಕೋ, ಒಂದು ಒಳ್ಳೆಯ ಸೈಟ್ ಸಾಕೋ?

ಸಣ್ಣ ಪ್ರಕಾಶನ, ಹೋಮ್‌ಸ್ಟೇ, ಶಾಲೆ, ಸಹಕಾರ ಸಂಘ, ಯಾರೇ ಇರಲಿ, "ನಮ್ಮದೂ ಒಂದು ವೆಬ್‌ಸೈಟ್ ಆಗಬೇಕು, ಫೋನಲ್ಲಿ ಚೆನ್ನಾಗಿ ಕಾಣಬೇಕು" ಅಂತ ಡೆವಲಪರ್ ಹತ್ತಿರ ಹೋದರೆ ನಾಲ್ಕು ದಾರಿಗಳ ಹೆಸರು ಕೇಳಿಬರುತ್ತದೆ. ಕಂಪ್ಯೂಟರಿಗೊಂದು, ಫೋನಿಗೊಂದು ಎಂದು ಎರಡು ಸೈಟ್. ಎಲ್ಲ ಅಳತೆಯ ಪರದೆಗೂ ಹೊಂದಿಕೊಳ್ಳುವ ಒಂದೇ ರೆಸ್ಪಾನ್ಸಿವ್ ಸೈಟ್. ಆ ಸೈಟೇ ಫೋನಿನ ಹೋಮ್ ಸ್ಕ್ರೀನ್ ಮೇಲೆ ಆ್ಯಪ್ ಥರ ಕೂರುವ ಪ್ರೋಗ್ರೆಸ್ಸಿವ್ ವೆಬ್ ಆ್ಯಪ್, ಚಿಕ್ಕದಾಗಿ ಪಿಡಬ್ಲ್ಯುಎ. ಕೊನೆಗೆ ಪ್ಲೇ ಸ್ಟೋರ್, ಆ್ಯಪ್ ಸ್ಟೋರ್‌ಗಳಿಂದ ಇಳಿಸಿಕೊಳ್ಳುವ ನೇಟಿವ್ ಆ್ಯಪ್. ಈ ಕೊನೆಯದಕ್ಕೆ ದರ ಹೆಚ್ಚು, ಮಾರುವವರಿಗೆ ಅದರ ಮೇಲೆ ಉತ್ಸಾಹವೂ ಹೆಚ್ಚು.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಎರಡನೆಯದು ಸಾಕು. ಅದೇ ಗಿರಾಕಿ ವಾರದಲ್ಲಿ ಹಲವು ಸಲ ಮರಳಿ ಬರುವಂತಿದ್ದರೆ ಅದರ ಮೇಲೆ ಮೂರನೆಯದನ್ನು ಸೇರಿಸಿಕೊಳ್ಳಬಹುದು. ಬ್ರೌಸರಿನಿಂದ ಆಗದ ಕೆಲಸ ನಿಜವಾಗಿ ಇದ್ದರೆ ಮಾತ್ರ ನಾಲ್ಕನೆಯದು. ಮೊದಲನೆಯದನ್ನು ಈಗಲೂ ಯಾರಾದರೂ ಸೂಚಿಸಿದರೆ ಬೇರೆ ಡೆವಲಪರನ್ನು ಹುಡುಕಿ.

ಎರಡು ಸೈಟುಗಳು ಯಾಕೆ ಬೇಡ

2007ರಲ್ಲಿ ಐಫೋನ್ ಬಂದಾಗ ವೆಬ್‌ನಲ್ಲಿದ್ದ ಪುಟಗಳೆಲ್ಲ ಕಂಪ್ಯೂಟರಿನ ಅಗಲಕ್ಕೆ ಅಳೆದು ಕಟ್ಟಿದವು. ಹಾಗಾಗಿ ಆ್ಯಪಲ್ ಒಂದು ಉಪಾಯ ಮಾಡಿತು: ಪುಟ 980 ಪಿಕ್ಸೆಲ್ ಅಗಲವಿದೆ ಎಂದುಕೊಂಡು ಬಿಡಿಸಿ, ಆಮೇಲೆ ಇಡಿಯಾಗಿ ಕುಗ್ಗಿಸಿ ತೋರಿಸುವುದು. ಅಕ್ಷರ ಇರುವೆಯಷ್ಟಾಗಿ, ಎರಡು ಬೆರಳಿನಿಂದ ಹಿಗ್ಗಿಸಿ ಓದುವ ಪಾಡು ಬಂದದ್ದು ಹೀಗೆ. ಆಗ ದೊಡ್ಡ ಕಂಪನಿಗಳು ವಿಳಾಸದ ಮುಂದೊಂದು 'ಎಂ' ಅಕ್ಷರ ಸೇರಿಸಿ ಫೋನಿಗೇ ಬೇರೆ ಸೈಟ್ ಕಟ್ಟಿದವು. ಬಂದವರ ಬ್ರೌಸರ್ ಯಾವುದು ಎಂದು ಸರ್ವರ್ ಊಹಿಸಿ ಅತ್ತ ತಳ್ಳುತ್ತಿತ್ತು.

2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರ ಒಂದು ಲೇಖನ ಬರೆದು ಬೇರೆ ದಾರಿ ತೋರಿಸಿದರು. ಶೇಕಡಾವಾರು ಅಗಲದ ಅಂಕಣಗಳು, ತಮ್ಮ ಜಾಗಕ್ಕೆ ತಕ್ಕಂತೆ ಕುಗ್ಗುವ ಚಿತ್ರಗಳು, ಪರದೆಯ ಅಗಲ ಕೇಳಿ ತಿಳಿಯುವ ಮೀಡಿಯಾ ಕ್ವೆರಿ, ಈ ಮೂರನ್ನು ಜೋಡಿಸಿದರೆ ಒಂದೇ ಪುಟ ಎಲ್ಲ ಕಡೆ ನಡೆಯುತ್ತದೆ ಎಂಬುದು ಅವರ ವಾದ. ರೆಸ್ಪಾನ್ಸಿವ್ ಎಂಬ ಹೆಸರು ಅಲ್ಲಿಂದ ನಿಂತಿತು. ಮೀಡಿಯಾ ಕ್ವೆರಿ 2012ರಲ್ಲಿ, ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಮಾನಕವೂ ಆಯಿತು.

ಎರಡು ಸೈಟ್ ಇಟ್ಟುಕೊಂಡವರ ತಲೆನೋವು ಮಾತ್ರ ಕಡಿಮೆಯಾಗಲಿಲ್ಲ. ಬೆಲೆ ಬದಲಾದರೆ ಎರಡು ಕಡೆ ತಿದ್ದಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋನ್ ಸೈಟಿನ ಕೊಂಡಿಯನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದರೆ ಅಗಲವಾದ ಪರದೆಯ ನಡುವೆ ಒಂದು ಪಟ್ಟಿ ಕಾಣುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಹುಡುಕಾಟದಲ್ಲಿ ಬಿತ್ತು. ಗೂಗಲ್ ಈಗ ಯಾವುದೇ ಸೈಟಿನ ಮೊಬೈಲ್ ರೂಪವನ್ನೇ ಮುಖ್ಯವೆಂದು ಓದುತ್ತದೆ. 2016ರಲ್ಲಿ ಘೋಷಿಸಿದ ಈ ಬದಲಾವಣೆ 2024ರ ಹೊತ್ತಿಗೆ ಪೂರ್ತಿಯಾಯಿತು. ಫೋನಿಗೆಂದು ಅರ್ಧ ಮಾಹಿತಿ ಕತ್ತರಿಸಿದ ಸೈಟಿದ್ದರೆ ಗೂಗಲ್ ಪಾಲಿಗೆ ಉಳಿದರ್ಧ ಇಲ್ಲವೇ ಇಲ್ಲ.

ಈ ಸಾಲಿಗೇ ಸೇರುವ ಇನ್ನೊಂದು ಎಎಂಪಿ. ಸುದ್ದಿ ಪುಟ ಬೇಗ ತೆರೆಯಲಿ ಎಂದು 2015ರಲ್ಲಿ ಗೂಗಲ್ ಮುಂದಿಟ್ಟ ಕಟ್ಟುಪಾಡಿನ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಇದು. ಹುಡುಕಾಟದ ಮೇಲ್ಸಾಲಿನ ಸುದ್ದಿಗಳಲ್ಲಿ ಜಾಗ ಬೇಕಾದರೆ ಎಎಂಪಿ ಇರಲೇಬೇಕು ಎಂಬ ಷರತ್ತನ್ನು 2021ರಲ್ಲಿ ಕೈಬಿಟ್ಟರು. ಹೊಸದಾಗಿ ಅದನ್ನು ಹಾಕಿಸಿಕೊಳ್ಳಲು ಈಗ ಕಾರಣ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ನಡೆದ ಪ್ರಯೋಗ

ಆ್ಯಪ್ ಒಂದೇ ಸಾಕು ಎಂಬ ವಾದವನ್ನು ಪರೀಕ್ಷಿಸಿ ನೋಡಿದವರು ನಮ್ಮ ಬೆಂಗಳೂರಿನವರೇ. 2015ರ ಮೇ ತಿಂಗಳಲ್ಲಿ ಮಿಂತ್ರಾ ತನ್ನ ವೆಬ್‌ಸೈಟನ್ನು ಮುಚ್ಚಿ ಬರೀ ಆ್ಯಪ್ ಆಯಿತು. ಅದೇ ವರ್ಷ ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟ್ ನಿಲ್ಲಿಸಿ, ಬ್ರೌಸರಿನಲ್ಲಿ ಬಂದವರನ್ನೆಲ್ಲ ಆ್ಯಪ್ ಇಳಿಸಿಕೊಳ್ಳಿ ಎಂದು ಕಳಿಸತೊಡಗಿತು. ಇಬ್ಬರೂ ಹಿಂದಕ್ಕೆ ಬಂದರು. ಫ್ಲಿಪ್‌ಕಾರ್ಟ್ ನವೆಂಬರ್ 2015ರಲ್ಲೇ 'ಫ್ಲಿಪ್‌ಕಾರ್ಟ್ ಲೈಟ್' ಹೆಸರಿನಲ್ಲಿ ಬ್ರೌಸರಿಗೆ ಮರಳಿತು. ದೊಡ್ಡ ಮಟ್ಟದಲ್ಲಿ ಬಂದ ಮೊದಮೊದಲ ಪಿಡಬ್ಲ್ಯುಎಗಳಲ್ಲಿ ಅದೂ ಒಂದು. ಮಿಂತ್ರಾದ ಕಂಪ್ಯೂಟರ್ ಸೈಟ್ 2016ರ ಜೂನ್‌ನಲ್ಲಿ ಮತ್ತೆ ತೆರೆಯಿತು.

ಫ್ಲಿಪ್‌ಕಾರ್ಟ್‌ನ ಹೊಸ ಸೈಟಿನಲ್ಲಿ ಜನ ಮೊದಲಿಗಿಂತ ಮೂರು ಪಟ್ಟು ಹೊತ್ತು ಇರುತ್ತಾರೆ ಎಂದು ಗೂಗಲ್ ಆಗ ಪ್ರಕಟಿಸಿತು. ಈ ತಂತ್ರಜ್ಞಾನಕ್ಕೆ ಬೆನ್ನೆಲುಬಾಗಿ ನಿಂತದ್ದೇ ಗೂಗಲ್, ಆದ್ದರಿಂದ ಅಂಕಿಯನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಓದಬೇಕು. ಆದರೂ ವಿಷಯ ಸ್ಪಷ್ಟ. ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯಬಲ್ಲ ಕಂಪನಿಗೇ ಆ್ಯಪ್ ಇಳಿಸಿಕೊಳ್ಳದ ಗಿರಾಕಿಯನ್ನು ಬಿಡಲು ಆಗಲಿಲ್ಲ. ಜನ ನಿಮ್ಮ ಹೆಸರು ಕೇಳಿ, ಗೂಗಲ್ ಮಾಡಿ, ಮೊದಲ ಸಲ ಬಂದಾಗ "ಇಳಿಸಿಕೊಳ್ಳಿ" ಎನ್ನುವ ಗೋಡೆ ಎದುರಾದರೆ ಹಿಂದೆ ಹೋಗುವುದು ಒಂದೇ ಒತ್ತಿನ ಕೆಲಸ.

ರೆಸ್ಪಾನ್ಸಿವ್ ಎಂದವರ ಬಳಿ ಏನು ನೋಡಬೇಕು

ಇಂದು ಎಲ್ಲರೂ ರೆಸ್ಪಾನ್ಸಿವ್ ಎಂದೇ ಹೇಳುತ್ತಾರೆ. ಒಳಗೆ ಏನಿದೆ ಎನ್ನುವುದರಲ್ಲಿ ಮಾತ್ರ ಅಜಗಜಾಂತರ.

ಮೊದಲು ವ್ಯೂಪೋರ್ಟ್ ಮೆಟಾ ಟ್ಯಾಗ್. ಫೋನಿನ ನಿಜವಾದ ಅಗಲವನ್ನೇ ಪುಟದ ಅಗಲವೆಂದು ಎಣಿಸು ಎಂದು ಬ್ರೌಸರಿಗೆ ಹೇಳುವ ಒಂದೇ ಸಾಲು. ಅದಿಲ್ಲದಿದ್ದರೆ ಇವತ್ತಿಗೂ ಆ ಹಳೆಯ 980 ಪಿಕ್ಸೆಲ್ ಕಥೆಯೇ. ಕೆಲವರು ಇದೇ ಸಾಲಿನಲ್ಲಿ ಬೆರಳಿನಿಂದ ಹಿಗ್ಗಿಸುವುದನ್ನು ತಡೆದುಬಿಡುತ್ತಾರೆ. ವಿನ್ಯಾಸ ಕೆಡಬಾರದಂತೆ! ಕಣ್ಣು ಮಂಜಾದ ಹಿರಿಯರು ಓದುವುದು ಬೇಡವೇ? ಅಕ್ಷರವನ್ನು 200 ಶೇಕಡಾಕ್ಕೆ, ಅಂದರೆ ಎರಡು ಪಟ್ಟಿಗೆ, ದೊಡ್ಡದು ಮಾಡಿದರೂ ಪುಟ ಬಳಕೆಗೆ ಸಿಗಬೇಕು, 320 ಪಿಕ್ಸೆಲ್ ಅಗಲದಲ್ಲೂ ಅಡ್ಡಕ್ಕೆ ಎಳೆಯದೆ ಓದುವಂತಿರಬೇಕು ಎಂದು ಡಬ್ಲ್ಯು3ಸಿಯ ಸುಗಮ್ಯತೆಯ (ಎಲ್ಲರೂ ಬಳಸುವಂತಿರಬೇಕು ಎಂಬ) ಮಾರ್ಗಸೂಚಿಯೇ ಹೇಳುತ್ತದೆ. 2023ರ ಆವೃತ್ತಿ ಬಟನ್ನುಗಳಿಗೂ ಅಳತೆ ಕೊಟ್ಟಿದೆ, ಕನಿಷ್ಠ 24 ಪಿಕ್ಸೆಲ್ ಚೌಕ. ಹೆಬ್ಬೆರಳಿಗೆ ಅದೂ ಚಿಕ್ಕದೇ ಎಂದು ನನ್ನ ಲೆಕ್ಕ.

ಅಂಕಣಗಳನ್ನು ಜೋಡಿಸಲು, ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಗ್ರಿಡ್ ಮತ್ತು ಫ್ಲೆಕ್ಸ್‌ಬಾಕ್ಸ್ ಇವೆ. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಗ್ರಿಡ್ ಬಂದಿತು. "ಪ್ರತಿ ಕಾರ್ಡಿಗೆ ಇಷ್ಟಾದರೂ ಅಗಲ ಬೇಕು, ಹಿಡಿಸಿದಷ್ಟು ಪಕ್ಕಪಕ್ಕ ಇಡು" ಎಂದು ಒಂದು ಸಾಲು ಬರೆದರೆ ಟ್ಯಾಬ್ಲೆಟ್ಟಿನಲ್ಲಿ ಮೂರು, ಫೋನಿನಲ್ಲಿ ಒಂದು ಎಂದು ಬ್ರೌಸರೇ ಲೆಕ್ಕ ಹಾಕುತ್ತದೆ. 2022–23ರಲ್ಲಿ ಬಂದ ಕಂಟೇನರ್ ಕ್ವೆರಿ ಇನ್ನೂ ಮುಂದೆ ಹೋಗಿ, ಪರದೆಯ ಬದಲು ತಾನು ಕೂತ ಡಬ್ಬಿಯ ಅಗಲ ನೋಡಿ ಒಂದೊಂದು ಭಾಗವೂ ಬದಲಾಗುವಂತೆ ಮಾಡಿದೆ. ಡೆವಲಪರ್‌ಗೆ ಈ ಹೆಸರುಗಳ ಪರಿಚಯವೇ ಇಲ್ಲದಿದ್ದರೆ ಆತನ ಕೆಲಸ ಎಷ್ಟು ಹಳೆಯದು ಎಂದು ತಿಳಿಯುತ್ತದೆ.

ಚಿತ್ರಗಳಲ್ಲಿ ಮೋಸ ಹೋಗುವವರೇ ಹೆಚ್ಚು. ಫೋನಿನಲ್ಲಿ ಬೇಡದ ಬ್ಯಾನರ್ ಚಿತ್ರವನ್ನು ಸಿಎಸ್‌ಎಸ್‌ನಲ್ಲಿ ಮರೆಮಾಡಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಸಾಮಾನ್ಯವಾಗಿ ಬ್ರೌಸರ್ ಅದನ್ನು ಇಳಿಸಿಕೊಂಡೇ ಇರುತ್ತದೆ; ಡೇಟಾ ಹೋದದ್ದು ಗಿರಾಕಿಯದು. ಹೋಮ್‌ಸ್ಟೇ ಮಾಲೀಕರು ಕ್ಯಾಮೆರಾದಿಂದ ನೇರ ತೆಗೆದ ನಾಲ್ಕಾರು ಎಂಬಿಯ ಫೋಟೋ ಹಾಕಿಬಿಡುತ್ತಾರೆ. ಅದೇ ಚಿತ್ರದ ಮೂರ್ನಾಲ್ಕು ಅಳತೆ ಮಾಡಿಟ್ಟು, ಯಾವುದು ಬೇಕೋ ಅದನ್ನು ಬ್ರೌಸರ್ ಆರಿಸಿಕೊಳ್ಳಲಿ ಎಂದು ಬಿಡಲು ಎಚ್‌ಟಿಎಂಎಲ್‌ನಲ್ಲೇ ವ್ಯವಸ್ಥೆಯಿದೆ. ವೆಬ್‌ಪಿ ರೂಪದಲ್ಲಿ ಉಳಿಸಿದರೆ ತೂಕ ಇನ್ನೂ ಇಳಿಯುತ್ತದೆ. ಕೆಳಗಿರುವ ಚಿತ್ರ ಅಲ್ಲಿಗೆ ಹೋದಾಗಲೇ ಇಳಿಯಲಿ ಎನ್ನಲು ಒಂದು ಪದ ಸೇರಿಸಿದರೆ ಸಾಕು.

ಫಾರಂಗಳಲ್ಲೂ ಇಂಥ ಪುಟ್ಟ ಸೌಕರ್ಯಗಳಿವೆ. ಮೊಬೈಲ್ ನಂಬರ್ ಕೇಳುವಲ್ಲಿ ಅಂಕಿಗಳ ಕೀಬೋರ್ಡೇ ಬರಬೇಕು. ಅಲ್ಲಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ತಾನೇ ಪುಟವನ್ನು ಹಿಗ್ಗಿಸಿಬಿಡುತ್ತದೆ, ಆಮೇಲೆ ಗಿರಾಕಿ ಪುಟ ಎಳೆದಾಡಬೇಕು.

ಕನ್ನಡದ ಪುಟವಾದರೆ ಹೆಚ್ಚುವರಿ ಪರೀಕ್ಷೆ

ಇಂಗ್ಲಿಷ್ ಪುಟಕ್ಕೆಂದು ಮಾಡಿದ ಸಿದ್ಧ ವಿನ್ಯಾಸದಲ್ಲಿ, ಅಂದರೆ ಥೀಮಿನಲ್ಲಿ, ಕನ್ನಡ ಸುರಿದರೆ ಏನೇನಾಗುತ್ತದೆ ಎಂದು ಅದನ್ನು ಮಾರಿದವರು ನೋಡಿರುವುದೇ ಇಲ್ಲ. ಮೊದಲು ಬಲಿಯಾಗುವುದು ಒತ್ತಕ್ಷರ. ಬಟನ್ ಅಥವಾ ಕಾರ್ಡಿನ ಶೀರ್ಷಿಕೆಗೆ ಬಿಗಿ ಎತ್ತರ ಕೊಟ್ಟು, ಹೊರಚಾಚಿದ್ದನ್ನು ಮರೆಮಾಡು ಎಂದು ಬರೆದಿದ್ದರೆ 'ಸ್ತ್ರೀ', 'ರಾಷ್ಟ್ರ', 'ಶಾಸ್ತ್ರ' ಇವುಗಳ ಅಡಿ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ 1.6 ಪಟ್ಟಾದರೂ ಇರಲಿ; ದೀರ್ಘ ಓದಿಗೆ 1.7 ಅಥವಾ 1.8 ಕೊಟ್ಟರೆ ಕಣ್ಣಿಗೆ ಹಿತ.

ಎರಡನೆಯದು ನಮ್ಮ ಪದಗಳ ಉದ್ದ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿ 'ವಿಶ್ವವಿದ್ಯಾನಿಲಯಗಳಲ್ಲಿರುವ' ಎಂಬಂಥ ಪದವೊಂದು ದಪ್ಪ ಶೀರ್ಷಿಕೆಯಲ್ಲಿ ಬಂದರೆ 320 ಪಿಕ್ಸೆಲ್ ಪರದೆಯಲ್ಲಿ ಅದಕ್ಕೆ ಜಾಗವಿಲ್ಲ. ಒಂದು ಪದ ಹೊರಗೆ ಚಾಚಿತೆಂದರೆ ಇಡೀ ಪುಟ ಅಡ್ಡಕ್ಕೆ ಜಾರಾಡುತ್ತದೆ. ಪದ ಹಿಡಿಸದಿದ್ದಲ್ಲಿ ಮುರಿ ಎಂಬ ಸಿಎಸ್‌ಎಸ್ ಸೂಚನೆಯೊಂದು ಇದನ್ನು ತಪ್ಪಿಸುತ್ತದೆ, ಗ್ರಿಡ್ ಅಂಕಣದ ಕನಿಷ್ಠ ಅಗಲವನ್ನು ಸೊನ್ನೆಗೆ ಇಳಿಸುವುದನ್ನೂ ಮರೆಯಬಾರದು. ಜೊತೆಗೆ ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ ನಮೂದಿಸಿರಬೇಕು. ಅಂಧರು ಬಳಸುವ ಸ್ಕ್ರೀನ್ ರೀಡರ್‌ಗೆ ಯಾವ ದನಿಯಲ್ಲಿ ಓದಬೇಕು ಎಂದು ತಿಳಿಯುವುದು ಅದರಿಂದಲೇ. ಥೀಮಿನಿಂದ ಬಂದ 'ಇಂಗ್ಲಿಷ್' ಎಂಬ ನಮೂದು ಹಾಗೇ ಉಳಿದ ಕನ್ನಡ ಸೈಟುಗಳು ಬೇಕಾದಷ್ಟಿವೆ.

ಮೂರನೆಯದು ಎಣಿಕೆ. 'ಶ್ರೀಕೃಷ್ಣ' ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಬ್ರೌಸರ್ ಎಣಿಸುವುದು ಒಂಬತ್ತು: ವ್ಯಂಜನ, ಒತ್ತಿಗೆ ಕಾರಣವಾಗುವ ವಿರಾಮ (್), ಸ್ವರಚಿಹ್ನೆ ಎಲ್ಲಕ್ಕೂ ಪ್ರತ್ಯೇಕ ಯೂನಿಕೋಡ್ ಸಂಕೇತ. ಹೆಸರಿನ ಜಾಗಕ್ಕೆ 20ರ ಮಿತಿ ಹಾಕಿದರೆ ಪಾಪ, ಉದ್ದ ಹೆಸರಿನವರು ಅರ್ಧಕ್ಕೇ ನಿಲ್ಲಬೇಕಾಗುತ್ತದೆ.

ಫಾಂಟ್ ವಿಚಾರದಲ್ಲಿ ನನ್ನದು ಸ್ವಲ್ಪ ಜಿಪುಣತನ. ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಐಫೋನಿನಲ್ಲಿ ಕನ್ನಡ ಸಂಗಂ, ಹಳೆಯ ವಿಂಡೋಸ್‌ನಲ್ಲಿ ತುಂಗಾ, ಈಗಿನದರಲ್ಲಿ ನಿರ್ಮಲಾ ಇದ್ದೇ ಇರುತ್ತವೆ. ಮೈಬರಹಕ್ಕೆ ಅವು ಸಾಕು, ಬೇರೆ ಫಾಂಟ್ ಇಳಿಸುವ ಖರ್ಚು ಉಳಿಯುತ್ತದೆ. ಶೀರ್ಷಿಕೆಗೆ ಬೇರೆ ಅಂದ ಬೇಕೆಂದರೆ ವೆಬ್‌ಗೆಂದು ಕುಗ್ಗಿಸಿದ ವಾಫ್2 ರೂಪದಲ್ಲಿ ಒಂದೇ ಒಂದು ಫಾಂಟ್ ಹಾಕಿ. ಅದು ಬರುವತನಕ ಫೋನಿನ ಫಾಂಟಿನಲ್ಲೇ ಅಕ್ಷರ ಕಾಣುವಂತೆ ಹೇಳಿ. ಫಾಂಟನ್ನು ಕತ್ತರಿಸಿ ಹಗುರ ಮಾಡುವ ಸಾಧನಗಳಿವೆ, ಆದರೆ ಒತ್ತು ಜೋಡಿಸುವ ಕೋಷ್ಟಕವನ್ನೂ ಅವು ಕತ್ತರಿಸಿಬಿಟ್ಟರೆ 'ಅಕ್ಕ' ಹೋಗಿ 'ಅಕ್‌ಕ' ಆಗುತ್ತದೆ. ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಪೂರ್ವದ ಫಾಂಟಿನಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಆ ಫಾಂಟ್ ಯಾವ ಫೋನಿನಲ್ಲೂ ಇರುವುದಿಲ್ಲ, ಓದುಗರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪಿಡಿಎಫ್ ಏರಿಸಿ ಕೈತೊಳೆದುಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಎ4 ಹಾಳೆಯನ್ನು ಫೋನಿನಲ್ಲಿ ಎಳೆದೆಳೆದು ಓದುವ ತಾಳ್ಮೆ ಯಾರಿಗಿದೆ?

ಪಿಡಬ್ಲ್ಯುಎ ಯಾರಿಗೆ, ಆ್ಯಪ್ ಯಾರಿಗೆ

ಪಿಡಬ್ಲ್ಯುಎ ಅಂದರೆ ಬೇರೆಯೇ ವಸ್ತುವಲ್ಲ. ಚೆನ್ನಾಗಿ ಕಟ್ಟಿದ ಸೈಟಿಗೆ ಮೂರು ಸೇರ್ಪಡೆ: ಕಳಿಸಿದ ಮಾಹಿತಿಯನ್ನು ನಡುವೆ ಯಾರೂ ಓದದಂತೆ ಕಾಯುವ ಎಚ್‌ಟಿಟಿಪಿಎಸ್ ಭದ್ರತೆ, ಹೆಸರು ಮತ್ತು ಐಕಾನ್ ತಿಳಿಸುವ ಮ್ಯಾನಿಫೆಸ್ಟ್ ಎಂಬ ಪುಟ್ಟ ಕಡತ, ಹಿನ್ನೆಲೆಯಲ್ಲಿ ಕೆಲಸ ಮಾಡುವ ಸರ್ವಿಸ್ ವರ್ಕರ್. ಮೊದಲನೆಯದಕ್ಕೆ ಈಗ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆ ಕೊಡುತ್ತದೆ. ಸರ್ವಿಸ್ ವರ್ಕರ್ ಪುಟ, ಚಿತ್ರಗಳನ್ನು ಫೋನಿನಲ್ಲೇ ಇಟ್ಟುಕೊಂಡು ನೆಟ್‌ವರ್ಕ್ ಇಲ್ಲದಾಗಲೂ ತೋರಿಸುತ್ತದೆ. ಘಟ್ಟದ ತಿರುವಿನಲ್ಲಿ ಸಿಗ್ನಲ್ ಹೋದರೂ ಹೋಮ್‌ಸ್ಟೇಗೆ ಬರುವ ದಾರಿಯ ವಿವರ ತೆರೆದುಕೊಳ್ಳುತ್ತದೆ ಎಂದಾದರೆ ಅತಿಥಿಗೆ ಅದಕ್ಕಿಂತ ಇನ್ನೇನು ಬೇಕು?

ಕಷ್ಟವೂ ಅಲ್ಲೇ ಇದೆ. ಇಟ್ಟುಕೊಂಡದ್ದನ್ನು ಯಾವಾಗ ಬದಲಿಸಬೇಕು ಎಂದು ಸರಿಯಾಗಿ ಬರೆಯದಿದ್ದರೆ ಹೋದ ತಿಂಗಳ ಬೆಲೆಪಟ್ಟಿಯೇ ಗಿರಾಕಿಗೆ ಕಾಣುತ್ತಿರುತ್ತದೆ, ನೀವು ಇಲ್ಲಿ ಎಷ್ಟು ತಿದ್ದಿದರೂ ಅಷ್ಟೆ. ಇದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಐಫೋನಿನ ಕಥೆ ಬೇರೆ. ಕ್ರೋಮ್‌ನಲ್ಲಿ ಸರ್ವಿಸ್ ವರ್ಕರ್ 2015ರಿಂದ ಇದ್ದರೆ ಐಫೋನಿಗೆ ಬಂದದ್ದು 2018ರಲ್ಲಿ. ವೆಬ್‌ನಿಂದ ನೋಟಿಫಿಕೇಶನ್ ಕಳಿಸುವ ಸೌಲಭ್ಯಕ್ಕೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಅದೂ ಸೈಟನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ. ಸೇರಿಸುವುದೂ ಶೇರ್ ಬಟನ್ನಿನ ಒಳಗೆ ಅಡಗಿದೆ. 2024ರ ಆರಂಭದಲ್ಲಿ ಯುರೋಪಿನ ಒಕ್ಕೂಟದಲ್ಲಿ ಹೋಮ್ ಸ್ಕ್ರೀನಿನ ವೆಬ್ ಆ್ಯಪ್ ಸೌಲಭ್ಯವನ್ನೇ ತೆಗೆಯಲು ಹೊರಟಿದ್ದ ಆ್ಯಪಲ್, ಪ್ರತಿರೋಧ ಬಂದ ಮೇಲೆ ಹಿಂದೆ ಸರಿಯಿತು. ಮಾನಕ ಎಲ್ಲರದ್ದಾದರೂ ಬ್ರೌಸರ್ ಒಬ್ಬೊಬ್ಬರ ಕೈಯಲ್ಲಿದೆ. ನಿಮ್ಮ ಗಿರಾಕಿಗಳಲ್ಲಿ ಐಫೋನಿನವರೇ ಹೆಚ್ಚಿದ್ದರೆ ನೋಟಿಫಿಕೇಶನ್ ನಂಬಿ ವ್ಯಾಪಾರ ಕಟ್ಟಬೇಡಿ.

ಆ್ಯಪ್‌ಗೆ ಬರೋಣ. ಬ್ಲೂಟೂತ್ ಯಂತ್ರದ ಜೊತೆ ಎಲ್ಲ ಫೋನುಗಳಲ್ಲೂ ಮಾತಾಡಬೇಕು, ಪರದೆ ಆರಿದಾಗಲೂ ಡೆಲಿವರಿ ಹುಡುಗ ಎಲ್ಲಿದ್ದಾನೆಂದು ತಿಳಿಯುತ್ತಿರಬೇಕು, ಭಾರಿ ಗ್ರಾಫಿಕ್ಸ್‌ನ ಆಟ, ಇಂಥವಕ್ಕೆ ಆ್ಯಪ್ ಬೇಕು, ಚರ್ಚೆಯೇ ಇಲ್ಲ. ಉಳಿದವರು ಖರ್ಚಿನ ಪಟ್ಟಿ ನೋಡಲಿ. ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷವರ್ಷವೂ 99 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಬಿಡುವ ಮೊದಲು 12 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕು. ಪ್ರಕಾಶಕರು ಗಮನಿಸಬೇಕಾದ ಇನ್ನೊಂದು ವಿಷಯವಿದೆ: ಅಚ್ಚಿನ ಪುಸ್ತಕವನ್ನು ಆ್ಯಪ್ ಮೂಲಕ ಮಾರಿದರೆ ಸ್ಟೋರ್‌ಗಳಿಗೆ ಪಾಲು ಕೊಡಬೇಕಿಲ್ಲ, ಇ-ಪುಸ್ತಕ ಮಾರಿದರೆ ಕಮಿಷನ್ ಲೆಕ್ಕ ಶುರುವಾಗುತ್ತದೆ.

ಕಟ್ಟಿ ಮುಗಿಸಿದ ಮೇಲೂ ಆ್ಯಪ್ ಸುಮ್ಮನೆ ಬಿಡುವುದಿಲ್ಲ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ನವೀಕರಿಸುತ್ತಲೇ ಇರಬೇಕು, ಇಲ್ಲದಿದ್ದರೆ ಹೊಸ ಫೋನ್ ಕೊಂಡವರಿಗೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಕಾಣುವುದೇ ಇಲ್ಲ. ಅತ್ತ, 1991ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದಾಗ ಲೋಕಕ್ಕೆ ತೆರೆದಿಟ್ಟ ಮೊದಲ ವೆಬ್‌ಸೈಟಿನ ಪುಟಗಳು ಇವತ್ತಿನ ಫೋನಿನಲ್ಲೂ ತೆರೆಯುತ್ತವೆ. ಅಕ್ಷರ ಸಣ್ಣದಾಗಿ ಕಾಣುತ್ತದೆ ಅಷ್ಟೆ, ಪಾಪ ಆಗಿನ್ನೂ ವ್ಯೂಪೋರ್ಟ್ ಟ್ಯಾಗ್ ಹುಟ್ಟಿರಲಿಲ್ಲ. ಸೈಟೇ ನೆಟ್ಟಗಿಲ್ಲದವರು ಆ್ಯಪ್‌ಗೆ ಲಕ್ಷಗಟ್ಟಲೆ ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಲೆಕ್ಕ.

ಪ್ಲೇ ಸ್ಟೋರ್‌ನಲ್ಲಿ ಹೆಸರು ಕಾಣಲೇಬೇಕು ಎನ್ನುವ ಹಟವಿದ್ದರೆ ನಡುದಾರಿ ಇದೆ. ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಪಿಡಬ್ಲ್ಯುಎಯನ್ನೇ ಆ್ಯಪ್ ಹೊದಿಕೆಯಲ್ಲಿ ಸುತ್ತಿ ಅಲ್ಲಿಗೆ ಏರಿಸಬಹುದು. ಒಳಗಿರುವುದು ಅದೇ ಸೈಟ್. ಒಂದು ಕಡೆ ತಿದ್ದಿದರೆ ಎರಡೂ ಕಡೆ ಬದಲು.

ಫ್ರೇಮ್‌ವರ್ಕೋ, ಕೈಯಲ್ಲಿ ಬರೆದದ್ದೋ

ಹತ್ತು ಹದಿನೈದು ಪುಟದ ಸೈಟಿಗೆ ಭಾರಿ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್, ಅಂದರೆ ಸಿದ್ಧ ಕೋಡಿನ ಚೌಕಟ್ಟು, ಬೇಕಿಲ್ಲ. 2011ರಲ್ಲಿ ಟ್ವಿಟರ್‌ನಿಂದ ಬಂದ ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಚೌಕಟ್ಟು ಅಂಕಣ ಜೋಡಿಸುವುದೇ ಕಷ್ಟವಾಗಿದ್ದ ಕಾಲಕ್ಕೆ ವರವಾಗಿತ್ತು. ಈಗ ಆ ಕೆಲಸವನ್ನು ಗ್ರಿಡ್ ಮಾಡುತ್ತದೆ. ಕೋಡ್ ಬರೆಯದೆ ಪುಟ ಏರಿಸಲು ಬಿಡುವ ವರ್ಡ್‌ಪ್ರೆಸ್‌ನಂಥದ್ದನ್ನು ಆರಿಸುವುದರಲ್ಲಿ ತಪ್ಪಿಲ್ಲ, ಕಚೇರಿಯ ಗುಮಾಸ್ತರೇ ಸುದ್ದಿ ಏರಿಸಬೇಕೆಂದರೆ ಅದೇ ಸರಿ. ಅದರ ಮೇಲೆ ಪೇಜ್ ಬಿಲ್ಡರ್, ಸ್ಲೈಡರ್, ಪಾಪ್‌ಅಪ್ ಎಂದು ಪ್ಲಗಿನ್‌ಗಳನ್ನು (ಹೆಚ್ಚುವರಿ ತುಣುಕುಗಳನ್ನು) ಪೇರಿಸುವಾಗ ಮಾತ್ರ ಕೈ ಬಿಗಿ ಹಿಡಿಯಿರಿ.

ಕೊಟೇಶನ್ ಒಪ್ಪುವ ಮೊದಲು

ಮೊಬೈಲ್‌ಗೆ ಹೊಂದುತ್ತದೆಯೇ ಎಂದು ಹೇಳುತ್ತಿದ್ದ ಗೂಗಲ್‌ನ ಉಚಿತ ಸಾಧನವನ್ನು 2023ರ ಕೊನೆಗೆ ನಿಲ್ಲಿಸಿದರು. ಈಗ ಕ್ರೋಮ್‌ನೊಳಗೆ ಲೈಟ್‌ಹೌಸ್ ಎಂಬ ಪರೀಕ್ಷಾ ಸಾಧನ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ ಇಟ್ಟ ಗೆರೆ; ಇವನ್ನು ಕರಾರಿನಲ್ಲೇ ಬರೆಸಿಕೊಳ್ಳಬಹುದು. ಡೆವಲಪರ್ ತನ್ನ ಲ್ಯಾಪ್‌ಟಾಪಿನ ಕಿಟಕಿಯನ್ನು ಕಿರಿದು ಮಾಡಿ ತೋರಿಸಿದ್ದನ್ನು ನಂಬಬೇಡಿ. ಅಲ್ಲಿ ಅಗಲ ಮಾತ್ರ ಫೋನಿನದು, ವೇಗ ಲ್ಯಾಪ್‌ಟಾಪಿನದು. ನಾಲ್ಕೈದು ವರ್ಷ ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಆರಿಸಿ, ಅಕ್ಷರದ ಅಳತೆಯನ್ನು ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿ ತೆರೆಯಿರಿ. ಗಿರಾಕಿಗಳಲ್ಲಿ ಜಿಯೋಫೋನ್ ಇಟ್ಟುಕೊಂಡವರಿದ್ದರೆ 240 ಪಿಕ್ಸೆಲ್ ಅಗಲದ ಆ ಪರದೆಯಲ್ಲೂ ನೋಡಿ. ಅದನ್ನು ನಡೆಸುವ ಕಾಯ್‌ಓಎಸ್ ಎಂಬ ತಂತ್ರಾಂಶ ಹುಟ್ಟಿದ್ದು ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್‌ನಿಂದ. ಟಚ್ ಇಲ್ಲ, ಬಾಣದ ಕೀಲಿಯಲ್ಲೇ ಪುಟದ ತುಂಬ ಓಡಾಡಬೇಕು, ಆದರೆ ಮಾನಕ ಪಾಲಿಸಿದ ಸರಳ ಪುಟ ಅಲ್ಲೂ ತೆರೆಯುತ್ತದೆ.

ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲೇ ನೋಂದಾಯಿಸಿಕೊಳ್ಳಿ. ಡೆವಲಪರ್ ಬದಲಾದ ದಿನ ಎಚ್‌ಟಿಎಂಎಲ್, ಸಿಎಸ್‌ಎಸ್ ಕಡತಗಳನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅವರು ಮುಂದುವರಿಸಬಲ್ಲರು. ಡೊಮೇನ್ ಹಳಬರ ಖಾತೆಯಲ್ಲಿ ಸಿಕ್ಕಿಕೊಂಡರೆ ಹೊಸ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಿಂದ ಹಿಡಿದು ಬೋರ್ಡಿನತನಕ ಮತ್ತೆ ಬರೆಸಬೇಕಾಗುತ್ತದೆ.